ಬೀಸುವ ತೋಳಿನ ಮರ್ಮ

ಮಾವಿನ ಮರಕ್ಕೆ ಕಲ್ಲೆಸೆಯದೆ ದೊಡ್ಡವರಾದವರು ನಮ್ಮ ನಾಡಿನಲ್ಲಿ ಎಷ್ಟು ಮಂದಿ ಇದ್ದಾರು? ಹುಣಿಸೆಯ ಮರಕ್ಕೆ ಕೋಲು ಬೀಸುವುದು, ಲಗೋರಿಯ ಬಿಲ್ಲೆಗಳಿಗೆ ಚೆಂಡನ್ನು ಗುರಿಯಿಟ್ಟು ಹೊಡೆಯುವುದು, ಹುರಿ ಸುತ್ತಿದ ಬುಗುರಿಯನ್ನು ನೆಲಕ್ಕೆ ಬಿಡುವುದು—ಇವೆಲ್ಲವೂ ಯಾವ ಗುರುವೂ ಇಲ್ಲದೆ ಕಲಿಯುವ ವಿದ್ಯೆಗಳು. ಆದುದರಿಂದಲೇ ಎಸೆಯುವುದೆಂದರೆ ನಮಗೆ ಅಗ್ಗದ ಕೆಲಸವೆಂಬ ಭಾವನೆ. ಆದರೆ ದೇಹಶಾಸ್ತ್ರವನ್ನು ಬಲ್ಲವರನ್ನು ಕೇಳಿದರೆ ಅವರು ಬೇರೆಯೇ ಮಾತು ಹೇಳುತ್ತಾರೆ. ಮನುಷ್ಯನ ದೇಹ ಮಾಡಬಲ್ಲ ಚಲನೆಗಳಲ್ಲೆಲ್ಲ ಅತ್ಯಂತ ವೇಗವಾದವುಗಳಲ್ಲಿ ಒಂದು, ಚೆಂಡೆಸೆಯುವವನ ಭುಜದ ತಿರುವು. ಅಷ್ಟೇ ಸುಲಭವಾಗಿ ಕೆಡಬಲ್ಲ ಕೀಲೂ ಅದೇ.

ಬೆಟ್ಟದಪುರದ ಸುತ್ತಿನ ಹೊಲಗಳಲ್ಲಿ ಹಿಂದೆ ಪೈರು ಕಾಯುವವರ ಕೈಯಲ್ಲಿ ಕವಣೆ ಇರುತ್ತಿತ್ತು. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಕಡೆಯಿಂದ ಗಿಳಿಯ ಹಿಂಡು ಜೋಳದ ತೆನೆಗೆ ಇಳಿಯಿತೆಂದರೆ ಅಟ್ಟಣೆಯ ಮೇಲಿದ್ದವನು ಎದ್ದು ನಿಂತು ಕವಣೆಯನ್ನು ಬೀಸುತ್ತಿದ್ದ. ಈಗ ಪಿರಿಯಾಪಟ್ಟಣ, ಹುಣಸೂರುಗಳ ಕಡೆ ಹೊಗೆಸೊಪ್ಪಿನ ಬೆಳೆ ಹರಡಿದೆ. ಹೊಗೆಸೊಪ್ಪಿಗೆ ಗಿಳಿಯ ಕಾಟವಿಲ್ಲ. ಕವಣೆಯೂ ಅಪರೂಪವಾಗಿದೆ. ಆದರೆ ಬೀಸುವ ತೋಳುಗಳು ಸುಮ್ಮನೆ ಕುಳಿತಿಲ್ಲ. ಕೊಯ್ಲಾದ ಗದ್ದೆಯಲ್ಲಿ, ಶಾಲೆಯ ಬಯಲಿನಲ್ಲಿ, ಪಟ್ಟಣದ ಬೇಸಿಗೆ ಶಿಬಿರಗಳಲ್ಲಿ ಹುಡುಗರು, ಇತ್ತೀಚೆಗೆ ಹುಡುಗಿಯರೂ, ಬೆಳಗಿನಿಂದ ಸಂಜೆಯವರೆಗೆ ಚೆಂಡೆಸೆಯುತ್ತಿದ್ದಾರೆ. ಸಂಜೆ ಮನೆಗೆ ಬಂದ ಮಗ “ಅಮ್ಮ, ಭುಜ ನೋಯುತ್ತೆ” ಎಂದರೆ ನಾವು ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಮರುದಿನ ಮತ್ತೆ ಆಟಕ್ಕೆ ಕಳಿಸುತ್ತೇವೆ. ಅದು ಸರಿಯೇ? ಇದನ್ನು ತಿಳಿಯಬೇಕಾದರೆ ಭುಜವೆಂಬ ಯಂತ್ರದ ಒಳಗನ್ನು ಸ್ವಲ್ಪ ನೋಡಬೇಕು.

ಚಮಚದ ಮೇಲಿನ ನಿಂಬೆಹಣ್ಣು

ದೇಹದಲ್ಲಿ ಗುಂಡು ಮತ್ತು ಬಟ್ಟಲಿನ ಮಾದರಿಯ ದೊಡ್ಡ ಕೀಲುಗಳು ಎರಡು ಬಗೆ: ಒಂದು ಸೊಂಟದ್ದು, ಇನ್ನೊಂದು ಭುಜದ್ದು. ಸೊಂಟದ ಕೀಲು ಒರಳೊಳಗೆ ಕುಳಿತ ಗುಂಡುಕಲ್ಲಿನಂತೆ. ಬಟ್ಟಲು ಆಳ, ಗುಂಡು ಅದರೊಳಗೆ ಭದ್ರ. ಮೈಯ ಭಾರ ಹೊರಬೇಕಾದ ಕೀಲು ಹೀಗಿರಲೇಬೇಕಷ್ಟೆ. ಭುಜದ ಕೀಲಿನ ರೀತಿ ಬೇರೆ. ಅಲ್ಲಿ ಬಟ್ಟಲೆಂಬುದು ಹೆಸರಿಗೆ ಮಾತ್ರ. ನಿಜವಾಗಿ ಅದೊಂದು ಚಪ್ಪಟೆ ತಟ್ಟೆ. ತೋಳಿನ ಮೂಳೆಯ ಗುಂಡಾದ ತಲೆ ಅದಕ್ಕಿಂತ ಬಹಳ ದೊಡ್ಡದು. ಯಾವುದೇ ಗಳಿಗೆಯಲ್ಲಿ ಆ ತಲೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಭಾಗ ತಟ್ಟೆಯನ್ನು ಮುಟ್ಟಿರುವುದಿಲ್ಲ. ಶಾಲೆಯ ಆಟೋಟಗಳಲ್ಲಿ ಮಕ್ಕಳು ಚಮಚದ ಮೇಲೆ ನಿಂಬೆಹಣ್ಣಿಟ್ಟುಕೊಂಡು ಓಡುತ್ತಾರಲ್ಲ, ಭುಜದ ಕೀಲು ಸುಮಾರಾಗಿ ಹಾಗೆ. ಎಲ್ಲ ದಿಕ್ಕಿಗೂ ತಿರುಗುವ ಸ್ವಾತಂತ್ರ್ಯವಿದೆ. ಬೀಳುವ ಭಯವೂ ಇದೆ.

ನಿಂಬೆಹಣ್ಣು ಬೀಳದಂತೆ ನೋಡಿಕೊಳ್ಳುವವರು ಯಾರು? ಮೊದಲನೆಯದಾಗಿ, ತಟ್ಟೆಯ ಅಂಚಿಗೆ ಮೃದ್ವಸ್ಥಿಯ ಒಂದು ಬಳೆಯಿದ್ದು ಅದನ್ನು ಸ್ವಲ್ಪ ಆಳವಾಗಿಸುತ್ತದೆ. ಎರಡನೆಯದಾಗಿ, ಕೀಲಿನ ಸುತ್ತ ಗಟ್ಟಿಯಾದ ನಾರಿನ ಚೀಲವೂ ಕಟ್ಟುಗಳೂ ಇವೆ. ಮೂರನೆಯದಾಗಿ, ಮತ್ತು ಮುಖ್ಯವಾಗಿ, ನಾಲ್ಕು ಸಣ್ಣ ಸ್ನಾಯುಗಳು ಹೆಗಲ ಹಲಗೆಯಿಂದ ಹೊರಟು ತೋಳಿನ ಮೂಳೆಯ ತಲೆಯನ್ನು ಮುಂದೆ, ಮೇಲೆ, ಹಿಂದೆ ಹೀಗೆ ಅಂಗಿಯ ತೋಳುಪಟ್ಟಿಯಂತೆ ಹಿಡಿದಿರುತ್ತವೆ. ಇವುಗಳಿಗೆ ವೈದ್ಯರು ‘ರೋಟೇಟರ್ ಕಫ್’ ಎನ್ನುತ್ತಾರೆ. ನಮಗೆ ಕನ್ನಡಿಯಲ್ಲಿ ಕಾಣುವುದು ಹೊರಗಿನ ದಪ್ಪ ಸ್ನಾಯು. ಪೈಲ್ವಾನರು ಉಬ್ಬಿಸಿ ತೋರಿಸುವುದೂ ಅದನ್ನೇ. ಒಳಗಿನ ಈ ನಾಲ್ವರು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಕೀಲು ಜಾಗದಲ್ಲಿ ನಿಂತಿರುವುದು ಇವರಿಂದ.

ಇನ್ನೊಂದು ಸಂಗತಿ. ಆ ತಟ್ಟೆ ಗೋಡೆಗೆ ಹೊಡೆದ ಮೊಳೆಯಂತೆ ಒಂದೇ ಕಡೆ ನಿಂತಿಲ್ಲ. ಅದು ಹೆಗಲ ಹಲಗೆಯ ಅಂಚಿನಲ್ಲಿದೆ; ಹಲಗೆಯೋ ಪಕ್ಕೆಲುಬುಗಳ ಮೇಲೆ ಜಾರುತ್ತಿರುತ್ತದೆ. ನಿಂಬೆಹಣ್ಣು ಹೊರಳಿದತ್ತ ಚಮಚವನ್ನೂ ಓರೆ ಮಾಡುವ ಚತುರ ಹುಡುಗನಂತೆ, ಹಲಗೆಯು ತೋಳಿನ ಜೊತೆಜೊತೆಗೇ ಸರಿಯುತ್ತದೆ. ಇದು ಸರಿಯದಿದ್ದರೆ ಭುಜಕ್ಕೆ ಕಷ್ಟ.

ಎಸೆತದ ಮೆಟ್ಟಿಲುಗಳು

ಎಸೆತದ ವಿಚಾರವಾಗಿ ಪ್ರಪಂಚದಲ್ಲಿ ಅತಿ ಹೆಚ್ಚು ಸಂಶೋಧನೆ ನಡೆದಿರುವುದು ಅಮೆರಿಕದ ಬೇಸ್‌ಬಾಲ್ ಆಟದಲ್ಲಿ. ನಮ್ಮ ಕ್ರಿಕೆಟ್ಟಿನಲ್ಲಿ ಬೌಲರ್ ಇರುವಂತೆ ಅಲ್ಲಿ ‘ಪಿಚರ್’ ಇರುತ್ತಾನೆ. ಅವನು ಓಡಿ ಬರುವುದಿಲ್ಲ. ಸಣ್ಣ ದಿಬ್ಬದ ಮೇಲೆ ನಿಂತು, 60 ಅಡಿ 6 ಅಂಗುಲ ದೂರದ ಗುರಿಗೆ, 5 ಔನ್ಸಿಗಿಂತ ತುಸು ಹೆಚ್ಚು ತೂಕದ ಚೆಂಡನ್ನು ಮೊಣಕೈ ಮಡಿಸಿ ಎಸೆಯುತ್ತಾನೆ. ಅತಿವೇಗದ ಕ್ಯಾಮೆರಾಗಳಿಂದ ಈ ಎಸೆತವನ್ನು ಚಿತ್ರಿಸಿ ತಜ್ಞರು ಅದನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ.

ಮೊದಲು ಮೈಯನ್ನು ಸುತ್ತಿಕೊಂಡು ಒಂದು ಕಾಲೆತ್ತುವುದು. ಆಮೇಲೆ ಗುರಿಯತ್ತ ದೊಡ್ಡ ಹೆಜ್ಜೆ. ಮೂರನೆಯದರಲ್ಲಿ ಸೊಂಟ ತಿರುಗುತ್ತದೆ, ಅದರ ಹಿಂದೆ ಎದೆ ತಿರುಗುತ್ತದೆ. ಆದರೆ ಮುಂಗೈ ಮತ್ತು ಚೆಂಡು ಹಿಂದೆಯೇ ಉಳಿಯುತ್ತವೆ. ಹೀಗೆ ಹಿಂದುಳಿದ ಮುಂಗೈ ಇನ್ನೂ ಹಿಂದಕ್ಕೆ ಬಾಗುತ್ತದೆ. ಇದನ್ನು ಭುಜದ ‘ಹೊರತಿರುವು’ ಎನ್ನೋಣ. ನಾಲ್ಕನೆಯದು ಚಿಮ್ಮುವ ಗಳಿಗೆ: ಹಿಂದಕ್ಕೆ ಬಾಗಿದ ತೋಳು ‘ಒಳತಿರುವಿ’ನಿಂದ ಮುಂದಕ್ಕೆ ನುಗ್ಗಿ ಚೆಂಡನ್ನು ಬಿಡುತ್ತದೆ. ಐದನೆಯದು ತೋಳಿನ ವೇಗವನ್ನು ತಡೆಯುವುದು. ಆರನೆಯದು ಮೈಯನ್ನು ಸಾವರಿಸಿಕೊಂಡು ನಿಲ್ಲುವುದು.

ಇದರಲ್ಲಿ ಎರಡು ಅಂಕಿಗಳನ್ನು ಗಮನಿಸಬೇಕು. ಸಾಮಾನ್ಯ ಮನುಷ್ಯನು ತೋಳನ್ನು ಪಕ್ಕಕ್ಕೆ ಚಾಚಿ ಮೊಣಕೈ ಮಡಿಸಿದಾಗ ಅವನ ಮುಂಗೈ ಹಿಂದಕ್ಕೆ ಹೋಗುವುದು ಸುಮಾರು 90 ಡಿಗ್ರಿ. ಪಿಚರನ ತೋಳು ಮೂರನೆಯ ಮೆಟ್ಟಿಲಿನ ಕೊನೆಯಲ್ಲಿ 170ರಿಂದ 180 ಡಿಗ್ರಿಯವರೆಗೂ ಬಾಗಿದಂತೆ ಕಾಣುತ್ತದೆ. ಮುಂಗೈ ನೆಲಕ್ಕೆ ಸಮನಾಗಿ ಹಿಂದೆ ಮಲಗಿಬಿಡುತ್ತದೆ! ಇದೆಲ್ಲವೂ ಭುಜದ ಕೀಲೊಂದರದೇ ಅಲ್ಲ. ಬೆನ್ನು ಹಿಂದಕ್ಕೆ ಬಾಗಿದ್ದು, ಹೆಗಲ ಹಲಗೆ ಓರೆಯಾದದ್ದು ಎಲ್ಲ ಸೇರಿದ ಲೆಕ್ಕ. ಎರಡನೆಯ ಅಂಕಿ ವೇಗದ್ದು. ಚಿಮ್ಮುವ ಗಳಿಗೆಯಲ್ಲಿ ತೋಳು ಸೆಕೆಂಡಿಗೆ ಸುಮಾರು 7,000 ಡಿಗ್ರಿಯ ವೇಗದಲ್ಲಿ ತಿರುಗುತ್ತದೆ. ಅದೇ ವೇಗದಲ್ಲಿ ಒಂದು ಪೂರ್ತಿ ಸೆಕೆಂಡು ತಿರುಗಲು ಸಾಧ್ಯವಿದ್ದಿದ್ದರೆ ತೋಳು 19 ಸುತ್ತು ಹೊಡೆಯುತ್ತಿತ್ತು. ಪುಣ್ಯಕ್ಕೆ ಆ ಮೆಟ್ಟಿಲು ಮುಗಿಯುವುದು ಸೆಕೆಂಡಿನ ನೂರನೆಯ ಕೆಲವೇ ಪಾಲುಗಳಲ್ಲಿ.

ಇಷ್ಟು ಬಲ ಎಲ್ಲಿಂದ ಬಂತು? ತೋಳಿನ ಸ್ನಾಯುಗಳಿಂದಲೇ ಎಂದು ತಿಳಿದರೆ ತಪ್ಪಾದೀತು. ಎಸೆತದ ಬಲದಲ್ಲಿ ಸುಮಾರು ಅರ್ಧ ಪಾಲು ಕಾಲು, ಸೊಂಟ, ಬೆನ್ನುಗಳದು. ಎತ್ತಿನ ಗಾಡಿಯವನ ಬಾರುಕೋಲನ್ನು ನೆನೆಯಿರಿ. ಹಿಡಿ ಕೊಂಚವೇ ಅಲುಗುತ್ತದೆ. ಆ ಅಲುಗು ಬಾರಿನುದ್ದಕ್ಕೂ ಸಾಗುತ್ತ ತುದಿಗೆ ಬರುವ ಹೊತ್ತಿಗೆ ‘ಛಟ್’ ಎನ್ನುತ್ತದೆ. ಎಸೆಯುವವನ ದೇಹವೂ ಹಾಗೆಯೇ. ನೆಲದಿಂದ ಕಾಲು, ಕಾಲಿನಿಂದ ಸೊಂಟ, ಸೊಂಟದಿಂದ ಎದೆ, ಎದೆಯಿಂದ ಭುಜ, ಕೊನೆಗೆ ಬೆರಳ ತುದಿ—ಒಂದರಿಂದ ಒಂದಕ್ಕೆ ಬಲ ದಾಟುತ್ತದೆ. ನಡುವೆ ಒಂದು ಕೊಂಡಿ ಸೋಮಾರಿಯಾದರೆ ಅದರ ಪಾಲನ್ನು ಮುಂದಿನ ಕೊಂಡಿ ತೀರಿಸಬೇಕು. ಸೊಂಟದ ಸಾಲವನ್ನು ತೀರಿಸುವುದು ಬಡ ಭುಜವೇ!

ಐದನೆಯ ಮೆಟ್ಟಿಲೂ ಚಿಕ್ಕದಲ್ಲ. ಚೆಂಡು ಕೈಬಿಟ್ಟು ಹೋಯಿತು; ತೋಳು ಮಾತ್ರ ಚೆಂಡಿನ ಹಿಂದೆಯೇ ಹಾರಿಹೋಗುವಂತೆ ನುಗ್ಗುತ್ತಿರುತ್ತದೆ. ಆಗ ತೋಳನ್ನು ಭುಜದಿಂದ ಕಿತ್ತೆಳೆಯುವ ಬಲವು ಎಸೆಯುವವನ ಮೈತೂಕಕ್ಕೆ ಹೆಚ್ಚುಕಡಮೆ ಸಮ. ಪ್ರತಿ ಎಸೆತಕ್ಕೂ ಅದನ್ನು ಹಿಡಿದು ನಿಲ್ಲಿಸುವ ಹೊಣೆ ಭುಜದ ಹಿಂಬದಿಯ ಆ ಸಣ್ಣ ಸ್ನಾಯುಗಳಿಗೆ ಸೇರಿದ್ದು. ಓಡಿಸುವುದಕ್ಕೆ ಹತ್ತು ಮಂದಿ, ತಡೆಯುವುದಕ್ಕೆ ಇಬ್ಬರು ಎಂಬಂತಹ ಸ್ಥಿತಿ. ನೋವು ಬಹಳ ಸಲ ಇಲ್ಲಿಂದಲೇ ಆರಂಭವಾಗುತ್ತದೆ.

ಬೇಟೆಗಾರನ ಬಳುವಳಿ

ಮನುಷ್ಯನಿಗೆ ಈ ಶಕ್ತಿ ಬಂದುದು ಹೇಗೆ? ಮೈಬಲದಲ್ಲಿ ಚಿಂಪಾಂಜಿ ನಮಗಿಂತ ಮೇಲು. ಆದರೆ ಎಸೆಯುವುದರಲ್ಲಿ ಅದು ಸೋಲುತ್ತದೆ. ಬೆಳೆದ ಗಂಡು ಚಿಂಪಾಂಜಿಯ ಎಸೆತದ ವೇಗ ಗಂಟೆಗೆ ಸುಮಾರು 20 ಮೈಲಿ. ಬೇಸ್‌ಬಾಲ್ ಕಲಿತ 12 ವರ್ಷದ ಹುಡುಗ ಅದರ ಮೂರು ಪಟ್ಟು ವೇಗವಾಗಿ ಎಸೆಯಬಲ್ಲ. ಅಮೆರಿಕದ ನೀಲ್ ರೋಚ್ ಮತ್ತು ಅವರ ಸಂಗಡಿಗರು ಇದರ ಕಾರಣವನ್ನು ಹುಡುಕಿ 2013ರಲ್ಲಿ ಪ್ರಕಟಿಸಿದರು. ಅವರ ಪ್ರಕಾರ, ತೋಳು ಹಿಂದಕ್ಕೆ ಬಾಗಿದಾಗ ಭುಜದ ಸುತ್ತಿನ ಕಟ್ಟುಗಳೂ ಸ್ನಾಯುರಜ್ಜುಗಳೂ ರಬ್ಬರಿನಂತೆ ಹಿಗ್ಗಿ ಬಲವನ್ನು ಕೂಡಿಟ್ಟುಕೊಳ್ಳುತ್ತವೆ. ಮುಂದಕ್ಕೆ ಬರುವಾಗ ಅದನ್ನು ಒಮ್ಮೆಲೇ ಬಿಡುತ್ತವೆ. ಹುಡುಗರ ರಬ್ಬರುಬಿಲ್ಲಿನ ತತ್ತ್ವವೇ ಇದು. ನಡು ಬಳುಕುವ ಸೊಂಟ, ಕೆಳಗಿಳಿದು ಪಕ್ಕಕ್ಕೆ ತೆರೆದ ಹೆಗಲು, ತಿರುಚು ಕಡಮೆಯಾದ ತೋಳಿನ ಮೂಳೆ ಈ ಲಕ್ಷಣಗಳು ಸುಮಾರು 20 ಲಕ್ಷ ವರ್ಷಗಳ ಹಿಂದಿನ ನಮ್ಮ ಪೂರ್ವಿಕರಲ್ಲಿ ಒಟ್ಟುಗೂಡಿದವೆಂದೂ, ಬೇಟೆಗೆ ಅವು ನೆರವಾದವೆಂದೂ ಅವರು ವಾದಿಸುತ್ತಾರೆ. ಆದರೆ ಒಂದನ್ನು ಮರೆಯಬಾರದು. ಆ ಬೇಟೆಗಾರ ದಿನಕ್ಕೆ ನೂರು ಸಲ ಪೂರ್ಣ ವೇಗದಿಂದ ಎಸೆಯುತ್ತಿರಲಿಲ್ಲ!

ಗಿಡವಾಗಿ ಬಗ್ಗಿದ ಮೂಳೆ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?” ಎಂಬ ನಮ್ಮ ಗಾದೆಗೆ ಎಸೆತಗಾರನ ಭುಜಕ್ಕಿಂತ ಉತ್ತಮವಾದ ಸಾಕ್ಷಿ ಸಿಗಲಾರದು. ಹುಟ್ಟಿದ ಕೂಸಿನ ತೋಳಿನ ಮೂಳೆಯಲ್ಲಿ ಹಿಂದಕ್ಕೆ ತಿರುಗಿದ ಒಂದು ತಿರುಚು ಇರುತ್ತದೆ. ಬೆಳೆಯುತ್ತ ಬೆಳೆಯುತ್ತ ಅದು ಸಡಿಲುತ್ತದೆ. ಬಾಲ್ಯದಲ್ಲೇ ಎಸೆಯಲಾರಂಭಿಸಿದವರ ಎಸೆಯುವ ತೋಳಿನಲ್ಲಿ ಮಾತ್ರ ಆ ತಿರುಚು ಪೂರ್ತಿ ಸಡಿಲುವುದಿಲ್ಲ. ಪರಿಣಾಮವಾಗಿ ಆ ತೋಳು ಹಿಂದಕ್ಕೆ ಹೆಚ್ಚು, ಮುಂದಕ್ಕೆ ಕಡಮೆ ತಿರುಗುತ್ತದೆ. ಒಟ್ಟು ತಿರುವು ಎರಡು ತೋಳುಗಳಲ್ಲಿಯೂ ಹೆಚ್ಚುಕಡಮೆ ಒಂದೇ; ಅದರ ಜಾಗ ಮಾತ್ರ ಹಿಂದಕ್ಕೆ ಸರಿದಿರುತ್ತದೆ. ಅಂದರೆ ಒಳ್ಳೆಯ ಎಸೆತಗಾರನ ‘ಬಾಗುವಿಕೆ’ಯಲ್ಲಿ ದೊಡ್ಡ ಪಾಲು ಮೂಳೆಯಲ್ಲೇ ಇದೆ.

ಈ ಮಾತು ಬಹಳ ಮುಖ್ಯ. ಏಕೆಂದರೆ ‘ತೋಳು ಹೆಚ್ಚು ಹಿಂದಕ್ಕೆ ಹೋದಷ್ಟೂ ಚೆಂಡು ಹೆಚ್ಚು ಮುಂದಕ್ಕೆ ಹೋಗುತ್ತದೆ’ ಎಂದು ಕೇಳಿದ ಹುಡುಗರು ಬಾಗಿಲ ಚೌಕಟ್ಟನ್ನು ಹಿಡಿದು, ಗೆಳೆಯರಿಂದ ಎಳೆಸಿಕೊಂಡು, ತೋಳನ್ನು ಹಿಂದಕ್ಕೆ ಜಗ್ಗುವುದುಂಟು. ಮೂಳೆಯನ್ನು ಜಗ್ಗಿ ತಿರುಚಲಾಗುವುದಿಲ್ಲ. ಜಗ್ಗಿದರೆ ಸಡಿಲಾಗುವುದು ಕೀಲಿನ ಮುಂಬದಿಯ ಚೀಲ ಮತ್ತು ಕಟ್ಟುಗಳು. ಎಂದರೆ ನಿಂಬೆಹಣ್ಣನ್ನು ಚಮಚದ ಮೇಲೆ ನಿಲ್ಲಿಸಿದ್ದವರನ್ನೇ ನಾವು ಕಳಿಸಿಕೊಟ್ಟಂತೆ. ಇತ್ತ ಹಿಂಬದಿಯ ಸ್ನಾಯುಗಳು ದಿನದಿನದ ತಡೆಯುವ ಕೆಲಸದಿಂದ ಬಿಗಿದು ಗಟ್ಟಿಯಾಗಿರುತ್ತವೆ. ಮುಂದೆ ಸಡಿಲ, ಹಿಂದೆ ಬಿಗಿ—ಕೀಲು ಕೆಡುವುದಕ್ಕೆ ಇಷ್ಟು ಸಾಕು. ಎಸೆತಗಾರರು ಸಾಮಾನ್ಯವಾಗಿ ಹಿಗ್ಗಿಸಿಕೊಳ್ಳಬೇಕಾದದ್ದು ಹಿಂಬದಿಯನ್ನು, ಮುಂಬದಿಯನ್ನಲ್ಲ.

ಮೈಸೂರಿನ ಎರಡು ತೋಳುಗಳು

ಕ್ರಿಕೆಟ್ ಬೌಲಿಂಗ್ ಬೇಸ್‌ಬಾಲಿನ ಎಸೆತವಲ್ಲ. ಬೌಲರನ ತೋಳು ಹೆಗಲ ಮಟ್ಟಕ್ಕೆ ಬಂದ ಮೇಲೆ ಚೆಂಡು ಬಿಡುವವರೆಗೆ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೇರವಾಗಬಾರದೆಂಬುದು 2005ರಿಂದ ಅಂತರರಾಷ್ಟ್ರೀಯ ಆಟದಲ್ಲಿರುವ ನಿಯಮ. ಮೊಣಕೈಯ ಚಿಮ್ಮುವಿಕೆ ಇಲ್ಲದ್ದರಿಂದ ಬೌಲರ್ ಓಟದಿಂದಲೂ ಮೈಯನ್ನು ಬಾಗಿಸುವುದರಿಂದಲೂ ವೇಗವನ್ನು ಗಳಿಸಬೇಕು. ಪಾಕಿಸ್ತಾನದ ಶೋಯೆಬ್ ಅಖ್ತರ್ 2003ರ ವಿಶ್ವಕಪ್ಪಿನಲ್ಲಿ ಗಂಟೆಗೆ 161.3 ಕಿಲೋಮೀಟರ್ ವೇಗ ಮುಟ್ಟಿದರು. ಬೇಸ್‌ಬಾಲಿನ ಅರಾಲ್ಡಿಸ್ ಚಾಪ್ಮನ್ 2010ರಲ್ಲಿ ನಿಂತಲ್ಲಿಂದಲೇ 170 ಕಿಲೋಮೀಟರ್ ಮುಟ್ಟಿದರು. ಮಡಿಸಿದ ಮೊಣಕೈಯ ಮಹಿಮೆ ಇದರಿಂದ ತಿಳಿಯುತ್ತದೆ. ವೇಗದ ಬೌಲರನಿಗೆ ಭುಜಕ್ಕಿಂತ ಬೆನ್ನಿನ ಕೆಳಭಾಗದ ಮೂಳೆಯ ಭಯ ಹೆಚ್ಚು. ಆದರೆ ಬೌಂಡರಿ ಗೆರೆಯಿಂದ ಚೆಂಡನ್ನು ವಿಕೆಟ್ ಕೀಪರನ ಕೈಗೆ ಎಸೆಯುವ ಆಟಗಾರ, ಈಟಿ ಎಸೆಯುವವ, ಇವರ ಭುಜ ಮಾಡುವುದು ಪಿಚರನ ಕೆಲಸವನ್ನೇ. 2008ರಲ್ಲಿ ಅಮೆರಿಕದವರು ನಮ್ಮ ದೇಶದಲ್ಲಿ ನಡೆಸಿದ ಎಸೆತದ ಸ್ಪರ್ಧೆಯಲ್ಲಿ ಆಯ್ಕೆಯಾಗಿ ಪಿಟ್ಸ್‌ಬರ್ಗ್ ತಂಡದೊಡನೆ ಒಪ್ಪಂದ ಮಾಡಿಕೊಂಡ ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರೂ ಈಟಿ ಎಸೆಯುತ್ತಿದ್ದವರೆಂಬುದು ಆಕಸ್ಮಿಕವಲ್ಲ.

ಮೈಸೂರಿನಲ್ಲಿ ಹುಟ್ಟಿದ ಇಬ್ಬರು ಬೌಲರುಗಳು ಈ ವಿಷಯಕ್ಕೆ ಎರಡು ಪಾಠಗಳನ್ನು ಕೊಟ್ಟಿದ್ದಾರೆ. ಬಿ. ಎಸ್. ಚಂದ್ರಶೇಖರ್ 1945ರಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಪೋಲಿಯೊ ತಗುಲಿ ಅವರ ಬಲಗೈ ಸೊರಗಿತು. ಆ ಸಣ್ಣಗಾದ ತೋಳಿನಿಂದಲೇ ಅವರು ಸ್ಪಿನ್ನರುಗಳಲ್ಲಿ ಅಪರೂಪವಾದ ವೇಗದಲ್ಲಿ ಗೂಗ್ಲಿ, ಲೆಗ್‌ಬ್ರೇಕುಗಳನ್ನು ಹಾಕಿದರು. 1971ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಮುಗಿಸಿದರು; ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಅದು ಮೊದಲ ಟೆಸ್ಟ್ ಗೆಲುವು. 58 ಟೆಸ್ಟುಗಳಲ್ಲಿ 242 ವಿಕೆಟ್ ಅವರ ಗಳಿಕೆ. ದಪ್ಪ ತೋಳಿದ್ದರೇ ಬಲವೆಂಬ ನಂಬಿಕೆಗೆ ಇದಕ್ಕಿಂತ ಉತ್ತರ ಬೇಕೆ? ಓಟ, ಸೊಂಟ, ಎದೆಗಳಿಂದ ಬಂದ ಬಲಕ್ಕೆ ಆ ತೋಳು ಬಾರುಕೋಲಿನ ಬಾರಾಯಿತು. ಇದೇ ಚಂದ್ರಶೇಖರ್ ಫೀಲ್ಡಿಂಗ್ ಮಾಡುವಾಗ ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದರೆಂಬುದನ್ನೂ ನೆನೆಯಬೇಕು. ಬೌಲಿಂಗ್ ಒಂದು ವಿದ್ಯೆ, ಎಸೆತ ಇನ್ನೊಂದು ವಿದ್ಯೆ.

ಎರಡನೆಯವರು 1969ರಲ್ಲಿ ಹುಟ್ಟಿದ ಜಾವಗಲ್ ಶ್ರೀನಾಥ್. ವರ್ಷಗಟ್ಟಲೆ ಭಾರತದ ವೇಗದ ದಾಳಿಯ ಭಾರವನ್ನು ಹೊತ್ತ ಅವರ ಬಲಭುಜದ ರೋಟೇಟರ್ ಕಫ್ 1997ರಲ್ಲಿ ಕೈಕೊಟ್ಟಿತು. ವೆಸ್ಟ್ ಇಂಡೀಸಿನಲ್ಲಿ ಟೆಸ್ಟ್ ಸರಣಿಯನ್ನು ಆಡಲಾಗಲಿಲ್ಲ, ಶಸ್ತ್ರಚಿಕಿತ್ಸೆಯಾಯಿತು, ಹಲವು ತಿಂಗಳು ಆಟದಿಂದ ದೂರ ಉಳಿದರು. ಅಂತಹ ಗಾಯದ ಮೇಲೆ ವೇಗದ ಬೌಲರ್ ಮರಳುವುದು ಕಷ್ಟ. ಆದರೂ ಅವರು ತಾಳ್ಮೆಯಿಂದ ತೋಳನ್ನು ಮತ್ತೆ ಕಟ್ಟಿಕೊಂಡು ಮರಳಿದರು. 1999ರ ಫೆಬ್ರವರಿಯಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸಿನಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಪಡೆದರು. ಒಟ್ಟು 67 ಟೆಸ್ಟುಗಳಲ್ಲಿ 236 ವಿಕೆಟ್. ಬಾನುಲಿಯ ವೀಕ್ಷಕ ವಿವರಣೆಯಲ್ಲಿ ‘ಮೈಸೂರು ಎಕ್ಸ್‌ಪ್ರೆಸ್’ ಎಂಬ ಹೆಸರನ್ನು ಕೇಳಿ ಹಿಗ್ಗಿದವರು ಆ ಭುಜದ ಒಳಗಿನ ನಾಲ್ಕು ಸಣ್ಣ ಸ್ನಾಯುಗಳಿಗೂ ಒಂದು ನಮಸ್ಕಾರ ಸಲ್ಲಿಸಬಹುದು.

ಬೆಳೆಯುವ ಭುಜದ ಕಾವಲು

ಶ್ರೀನಾಥರಂಥವರ ಬೆನ್ನಿಗೆ ವೈದ್ಯರೂ ಮಂಡಲಿಯೂ ಇರುತ್ತಾರೆ. ನಮ್ಮ ಮನೆಯ 12 ವರ್ಷದ ಹುಡುಗನಿಗೆ ನಾವೇ ಕಾವಲು. ಅವನ ತೋಳಿನ ಮೂಳೆಯ ಮೇಲ್ತುದಿಯಲ್ಲಿ ಬೆಳವಣಿಗೆಯ ಒಂದು ಮೆತ್ತನೆಯ ಪದರವಿರುತ್ತದೆ. ದೊಡ್ಡವರಲ್ಲಿ ಸ್ನಾಯುರಜ್ಜು ಹರಿಯುವ ಕಡೆ, ಹುಡುಗರಲ್ಲಿ ಈ ಪದರ ಬಿರಿಯುತ್ತದೆ. 11ರಿಂದ 16 ವರ್ಷದವರಲ್ಲಿ ಇದು ಹೆಚ್ಚು. ಎಸೆಯುವಾಗ ರಟ್ಟೆಯ ಮೇಲ್ಭಾಗದಲ್ಲಿ ನೋವು ಬರುವುದು ಇದರ ಗುರುತು. ಎಕ್ಸ್‌ರೇ ತೆಗೆದು ಎರಡು ಭುಜಗಳನ್ನೂ ಹೋಲಿಸಿದರೆ ವೈದ್ಯರಿಗೆ ಇದು ತಿಳಿಯುತ್ತದೆ. ಸಾಮಾನ್ಯವಾಗಿ ಔಷಧಕ್ಕಿಂತ ಬೇಕಾದದ್ದು ವಿಶ್ರಾಂತಿ. ಎಸೆತವನ್ನು ಸುಮಾರು ಮೂರು ತಿಂಗಳು ನಿಲ್ಲಿಸಿದರೆ ಬಹುಪಾಲು ಮಕ್ಕಳು ಗುಣವಾಗುತ್ತಾರೆ. ಎಣ್ಣೆ ತಿಕ್ಕಿ ಮರುದಿನ ಮೈದಾನಕ್ಕೆ ಕಳಿಸುವುದು ಏಕೆ ತಪ್ಪೆಂಬುದು ಈಗ ಸ್ಪಷ್ಟವಾಯಿತಷ್ಟೆ. ಎಣ್ಣೆ ಚರ್ಮಕ್ಕೆ ಹಿತ. ಮೂಳೆಯ ಬಿರುಕಿಗೆ ಅದು ತಲಪುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಬಂದ ಅಮೆರಿಕದ ಹರೆಯದ ಪಿಚರುಗಳನ್ನು ಗಾಯವಿಲ್ಲದ ಪಿಚರುಗಳೊಡನೆ ಹೋಲಿಸಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ತೋಳು ದಣಿದಿದ್ದರೂ ಮತ್ತೆ ಮತ್ತೆ ಎಸೆಯುತ್ತಿದ್ದವರಿಗೆ ಅಪಾಯ 36 ಪಟ್ಟು ಹೆಚ್ಚೆಂದು ಅದರಲ್ಲಿ ಕಂಡಿತು. ಈ ಬಗೆಯ ತಿಳಿವಳಿಕೆಯಿಂದಲೇ ಅಲ್ಲಿ ಎಸೆತಗಳನ್ನು ಎಣಿಸುವ ಪದ್ಧತಿ ಬಂದಿದೆ: 9–10 ವರ್ಷದವರಿಗೆ ದಿನಕ್ಕೆ 75, 11–12 ವರ್ಷದವರಿಗೆ 85, ಅದಕ್ಕಿಂತ ಹೆಚ್ಚಲ್ಲ, ದೊಡ್ಡ ಎಸೆತದ ದಿನದ ಮೇಲೆ ಕೆಲವು ದಿನ ಬಿಡುವು, ವರ್ಷದಲ್ಲಿ ಕನಿಷ್ಠ 4 ತಿಂಗಳು ಎಸೆತಕ್ಕೆ ರಜೆ. ಇಂಗ್ಲೆಂಡಿನ ಕ್ರಿಕೆಟ್ ಮಂಡಲಿಯೂ 13 ವರ್ಷದೊಳಗಿನ ವೇಗದ ಬೌಲರುಗಳಿಗೆ ಒಂದು ಸರದಿಗೆ 5, ದಿನಕ್ಕೆ 10 ಓವರುಗಳೆಂಬ ಮಿತಿಯನ್ನು ಹೇಳುತ್ತ ಬಂದಿದೆ.

ಮನೆಯಲ್ಲಿ ಮಾಡಬಹುದಾದ ಕೆಲವು ಸಂಗತಿಗಳಿವೆ.

ಒಂದು, ಎಣಿಕೆ. ಶಿಬಿರದಲ್ಲಿ ಎಷ್ಟು ಎಸೆದೆ, ಬೀದಿಯಲ್ಲಿ ಎಷ್ಟು ಎಸೆದೆ ಎಂದು ಕೇಳಿ ಎರಡನ್ನೂ ಕೂಡಿಸಬೇಕು. ಭುಜಕ್ಕೆ ಶಿಬಿರದ ಎಸೆತ ಬೇರೆ, ಬೀದಿಯ ಎಸೆತ ಬೇರೆ ಎಂಬ ಭೇದವಿಲ್ಲ.

ಎರಡು, ಆರಂಭ. ಮೊದಲು ಓಡಿ ಮೈ ಬಿಸಿಮಾಡಿಕೊಂಡು, ಹತ್ತಿರದಿಂದ ಮೆಲ್ಲಗೆ ಎಸೆದು, ಆಮೇಲೆ ದೂರ ಮತ್ತು ವೇಗವನ್ನು ಹೆಚ್ಚಿಸಬೇಕು.

ಮೂರು, ಪರೀಕ್ಷೆ. ಹುಡುಗನನ್ನು ಬೆನ್ನ ಮೇಲೆ ಮಲಗಿಸಿ, ತೋಳನ್ನು ಪಕ್ಕಕ್ಕೆ ಚಾಚಿಸಿ, ಮೊಣಕೈಯನ್ನು ಮಡಿಸಿ, ಮುಂಗೈ ತಾನಾಗಿ ಹಿಂದಕ್ಕೆ ಎಷ್ಟು, ಮುಂದಕ್ಕೆ ಎಷ್ಟು ಹೋಗುತ್ತದೆಂದು ನೋಡಿ. ಹೆಗಲು ಹಾಸಿಗೆಯಿಂದ ಏಳಬಾರದು, ನೀವೂ ಒತ್ತಬಾರದು. ಎರಡು ತೋಳುಗಳ ಒಟ್ಟು ತಿರುವು ಸುಮಾರು ಸಮವಿದ್ದರೆ ಸರಿ. ಎಸೆಯುವ ತೋಳಿನ ಒಟ್ಟು ತಿರುವು ಕಣ್ಣಿಗೆ ಕಾಣುವಷ್ಟು ಕಡಮೆಯಾಗಿದ್ದರೆ ಬಲ್ಲವರಿಗೆ ತೋರಿಸಬೇಕು.

ನಾಲ್ಕು, ಹಿಗ್ಗಿಸುವುದು. ಎಸೆಯುವ ತೋಳನ್ನು ಎದೆಗೆ ಅಡ್ಡಲಾಗಿ ತಂದು ಇನ್ನೊಂದು ಕೈಯಿಂದ ಮೆಲ್ಲಗೆ ಅರ್ಧ ನಿಮಿಷ ಹಿಡಿಯುವುದು ಹಿಂಬದಿಯ ಬಿಗಿತಕ್ಕೆ ಒಳ್ಳೆಯದು. ನೋವಾಗುವಂತೆ ಎಳೆಯಬಾರದು.

ಐದು, ಕಾಲು ಮತ್ತು ಸೊಂಟ. ಬೆಟ್ಟ ಹತ್ತುವುದು, ಓಟ, ಬಸ್ಕಿ, ಈಜು ಎಲ್ಲವೂ ಭುಜದ ಹೊರೆಯನ್ನು ಇಳಿಸುವ ಕೆಲಸಗಳೇ. ಒಂದೇ ಆಟವನ್ನು ವರ್ಷವಿಡೀ ಆಡುವುದಕ್ಕಿಂತ ಋತುವಿಗೊಂದು ಆಟ ಬದಲಾದರೆ ಭುಜಕ್ಕೆ ಬಿಡುವು ಸಿಗುತ್ತದೆ.

ನಮ್ಮ ಹಳೆಯ ಆಟಗಳಲ್ಲಿ ಈ ವಿವೇಕ ತಾನಾಗಿಯೇ ಇತ್ತು. ಬುಗುರಿಗೊಂದು ಕಾಲ, ಗೋಲಿಗೊಂದು ಕಾಲ, ಚಿನ್ನಿದಾಂಡಿಗೊಂದು ಕಾಲ. ಕವಣೆಯವನಿಗೂ ತೆನೆ ಬಲಿಯುವ ಕೆಲವು ವಾರ ಮಾತ್ರ ಕೆಲಸ; ಕೊಯ್ಲಾದ ಮೇಲೆ ತೋಳಿಗೆ ವಿರಾಮ. ಈಗ ಶಿಬಿರ ಮುಗಿದರೆ ಪಂದ್ಯ, ಪಂದ್ಯ ಮುಗಿದರೆ ಶಿಬಿರ. ಮಗನ ಚೆಂಡಿನ ವೇಗವನ್ನು ಕೇಳಿ ಸಂತೋಷಪಡುವ ತಂದೆತಾಯಿಗಳು ಅವನ ತೋಳಿನ ದಣಿವನ್ನೂ ಅಷ್ಟೇ ಕುತೂಹಲದಿಂದ ವಿಚಾರಿಸಬೇಕು. “ಭುಜ ನೋಯುತ್ತೆ” ಎಂಬ ಮಾತು ಸೋಮಾರಿತನದ ನೆಪವಲ್ಲ. ಚಮಚದಿಂದ ನಿಂಬೆಹಣ್ಣು ಜಾರುತ್ತಿದೆಯೆಂದು ದೇಹ ಕೊಡುವ ಮುನ್ಸೂಚನೆ. ಅದನ್ನು ಕೇಳಿ ಅಂದೇ ಆಟ ನಿಲ್ಲಿಸಿದರೆ ಹೋಗುವುದು ಒಂದು ಪಂದ್ಯ. ಕೇಳದೆ ಹೋದರೆ ಹೋಗುವುದು ತೋಳು.